ಒಮ್ಮೆಯೂ ಬಳಸಿಲ್ಲ

ಮೊಬೈಲಿನಲ್ಲಿ ಹಳೆ ಸಾಮಾನು ಮಾರುವವರನ್ನು ಕಂಡರೆ ಷರಾ ಸಾಹೇಬರಿಗೆ ಮೈಯೆಲ್ಲ ಉರಿಯುತ್ತಿತ್ತು. ತೆರಿಗೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕುರ್ಚಿ ಸವೆಸಿದವರು ಅವರು. ಮುಂದೆ ಬಂದ ಪ್ರತಿ ಕಡತದ ಅಂಚಿನಲ್ಲೂ ಒಂದು ಷರಾ ಬರೆದು ವಾಪಸ್ ಅಟ್ಟುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. (ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಸಂಬಳದ ಚೀಟಿ ಬರೆಯುವವರನ್ನು ಬಿಟ್ಟರೆ ಅದರ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.)

"ನೋಡೇ ಇಲ್ಲಿ, ಹಳೇ ಕುಕ್ಕರು, ಹಳೇ ಕುರ್ಚಿ, ಮಗೂದು ತೊಟ್ಟಿಲು! ತೊಟ್ಟಿಲನ್ನೂ ಬಿಡಲ್ಲ ಈ ಜನ" ಎಂದು ಅವರು ಬೆಳಗಿನ ಕಾಫಿ ಹೀರುತ್ತ ಹೆಂಡತಿಗೆ ಹೇಳುತ್ತಿದ್ದರು. "ಕೇಳಿದ್ರೆ ಮನೆ ಸಾಮಾನು ಅಂತಾರೆ. ಒಳಗೆ ಹೊಕ್ಕು ನೋಡಿದ್ರೆ ಅಂಗಡಿ. ಕಳ್ಳರು ಕಣೇ, ಎಲ್ಲಾ ಕಳ್ಳರು."

"ಹೂಂ" ಎನ್ನುತ್ತಿದ್ದಳು ಹೆಂಡತಿ, ಪಾತ್ರೆಯಿಂದ ತಲೆ ಎತ್ತದೆ. ಅದು ತಮ್ಮ ಮಾತನ್ನು ಒಪ್ಪಿದ ಹೂಂ ಎಂದೇ ತಿಳಿದು ಸಾಹೇಬರು ಹಿಗ್ಗುತ್ತಿದ್ದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಹೆಂಡತಿಯ ಹೂಂಗಳಲ್ಲಿ ಎಷ್ಟು ಬಗೆ ಎಂದು ತಿಳಿಯದ ಗಂಡಸರಲ್ಲಿ ಸಾಹೇಬರೂ ಒಬ್ಬರು.

ಆ ವರ್ಷ ಹೊಸ ನಿಯಮ ಬಂದಿತ್ತು. ಆ್ಯಪ್ ಮೂಲಕ ಯಾರಾದರೂ ವರ್ಷಕ್ಕೆ ಮೂವತ್ತಕ್ಕಿಂತ ಹೆಚ್ಚು ವಸ್ತು ಮಾರಿದರೆ, ಆ್ಯಪ್‌ನವರು ಅವರ ಹೆಸರನ್ನು ತೆರಿಗೆ ಕಚೇರಿಗೆ ಕಳಿಸಬೇಕು. ಹೆಸರು ಬಂದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ. ಬಳಸಿ ಸಾಕಾದ ಸ್ವಂತ ವಸ್ತುವಾದರೆ ನಮಸ್ಕಾರ, ಹೋಗಿ ಬನ್ನಿ. ಮಾರುವುದಕ್ಕೆಂದೇ ಕೊಂಡಿಟ್ಟಿದ್ದಾದರೆ ಅದು ವ್ಯಾಪಾರ. ಯಾವುದು ಯಾವುದೆಂದು ಬೇರ್ಪಡಿಸಲು ಒಂದು ಪ್ರಶ್ನಾವಳಿ ಬೇಕಾಗಿತ್ತು. ಅದನ್ನು ರಚಿಸುವ ಘನಕಾರ್ಯ ಸಾಹೇಬರ ಪಾಲಿಗೆ ಬಂತು.

ಮೂರು ವಾರ ಅವರು ಊಟದ ರುಚಿ ಅರಿಯಲಿಲ್ಲ. ಕೊನೆಗೆ ಹನ್ನೆರಡು ಪ್ರಶ್ನೆಗಳ ಮಹಾಕೃತಿ ಹೊರಬಿತ್ತು. ಅದರಲ್ಲಿ ಏಳನೆಯದಂತೂ ಅವರ ಮುದ್ದಿನ ಕೂಸು: "ಸದರಿ ವಸ್ತುವನ್ನು ಯಾವ ಉದ್ದೇಶಕ್ಕಾಗಿ ಕೊಂಡಿರಿ? ಎಷ್ಟು ಬಾರಿ ಬಳಸಿದಿರಿ? ಉದ್ದೇಶ ಈಡೇರಿತೇ? ಇಲ್ಲವಾದಲ್ಲಿ ಕಾರಣವೇನು?" ಡಬ್ಬಿ ಒಡೆಯದ ವಸ್ತುವನ್ನು ಮಾರುವವನು ವ್ಯಾಪಾರಿಯೇ ಸರಿ ಎಂಬ ಟಿಪ್ಪಣಿಯನ್ನೂ ಕೆಳಗೆ ಸೇರಿಸಿದ್ದರು. ಮೇಲಧಿಕಾರಿಗಳು ಮೆಚ್ಚಿದರು. ಮುಂದಿನ ತಿಂಗಳು ಖಾಲಿಯಾಗಲಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ ಸಾಹೇಬರಿಗೇ ಎಂದು ಕಚೇರಿಯ ಚಹಾದವನಿಗೂ ಗೊತ್ತಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಮನೆಗೊಂದು ಲಕೋಟೆ ಬಂತು. ಕಚೇರಿಯ ಮುದ್ರೆ ನೋಡಿ, ಬಡ್ತಿ ಆದೇಶವೇ ಎಂದು ಸಾಹೇಬರು ಕೈತೊಳೆದು ಬಂದು ಒಡೆದರು. ಒಳಗಿದ್ದದ್ದು ಅವರದೇ ಪ್ರಶ್ನಾವಳಿ. ಮಾರಾಟಗಾರನ ಹೆಸರಿನ ಮುಂದೆ ಅವರದೇ ಹೆಸರು, ಹೆತ್ತವರು ಇಟ್ಟದ್ದು. ಮಾರಿದ ವಸ್ತುಗಳು ಮೂವತ್ತೇಳು.

"ಲೇ! ಯಾರೋ ನನ್ನ ಹೆಸರಲ್ಲಿ ಅಂಗಡಿ ಇಟ್ಟಿದಾರೆ ಕಣೇ! ವ್ಯಾಯಾಮದ ಸೈಕಲ್ ಒಂದು, ವಯಲಿನ್ ಒಂದು, ಮೂವತ್ತು ದಿನದಲ್ಲಿ ಫ್ರೆಂಚ್ ಕಲಿಯೋ ಪುಸ್ತಕ ಹನ್ನೆರಡು ಭಾಗ, ಮೀನು ಹಿಡಿಯೋ ಗಾಳ, ದೂರದರ್ಶಕ..." ಓದುತ್ತ ಓದುತ್ತ ಸಾಹೇಬರ ದನಿ ಇಳಿಯಿತು. "ಏನೇ ಇದು? ಇವೆಲ್ಲ ನಮ್ಮವಲ್ವಾ?"

"ನಿಮ್ಮವು" ಎಂದಳು ಹೆಂಡತಿ. "ನಾನೇ ಮಾರಿದೆ. ಮಗಳಿಗೆ ಓದೋಕೆ ಒಂದು ಕೋಣೆ ಬೇಕಿತ್ತು."

"ಯಾವಾಗ ಮಾರಿದೆ?"

"ಎಂಟು ತಿಂಗಳಾಯ್ತು. ಅವಳು ಆ ಕೋಣೇಲೇ ಕೂತು ಓದ್ತಿದಾಳೆ. ನೀವು ದಿನಾ ಆ ಬಾಗಿಲು ದಾಟಿಕೊಂಡೇ ಸ್ನಾನಕ್ಕೆ ಹೋಗ್ತೀರಿ."

"ಮಾರಿದ್ದು ನೀನು, ಹೆಸರು ನನ್ನದು ಯಾಕೆ?"

"ಫೋನಿನ ನಂಬರು, ಬ್ಯಾಂಕು, ವಿದ್ಯುತ್ತು, ಎಲ್ಲಾ ಯಜಮಾನರ ಹೆಸರಲ್ಲೇ ಇರ್ಬೇಕು ಅಂದವರು ಯಾರು? ಆ್ಯಪ್‌ನವರು ಯಜಮಾನರ ಹೆಸರನ್ನೇ ಕೊಟ್ಟಿದಾರೆ. ನನ್ನದೇನು ತಪ್ಪು?"

ಪ್ರಶ್ನಾವಳಿಯ ಜೊತೆ ಬಂದಿದ್ದ ಜಾಹೀರಾತುಗಳ ಪ್ರತಿಗಳನ್ನು ಸಾಹೇಬರು ತಿರುವಿದರು. ಹೆಂಡತಿ ಒಳ್ಳೆಯ ಬೆಲೆ ಬರಲೆಂದು ಪ್ರತಿಯೊಂದರ ಕೆಳಗೂ ಬರೆದಿದ್ದಳು: "ಒಮ್ಮೆಯೂ ಬಳಸಿಲ್ಲ. ಡಬ್ಬಿ ಕೂಡ ಒಡೆದಿಲ್ಲ." ಮೂವತ್ತೇಳು ಕಡೆ, ಸ್ಫುಟವಾಗಿ. ಅವರದೇ ಟಿಪ್ಪಣಿಯ ಪ್ರಕಾರ ಅವರು ಅಪ್ಪಟ ವ್ಯಾಪಾರಿ. ಸರ್ಕಾರಿ ನೌಕರ ಗುಟ್ಟಾಗಿ ವ್ಯಾಪಾರ ಮಾಡಿದನೆಂದರೆ ಬಡ್ತಿಯ ಮಾತಿರಲಿ, ಇರುವ ಕುರ್ಚಿಗೂ ಸಂಚಕಾರ.

"ಹಾಳಾಗಿ ಹೋಗ್ಲಿ, ಬಳಸಿದ್ದೆ ಅಂತ ಒಂದು ಮಾತು ಹೇಳೇ" ಎಂದು ಅಂಗಲಾಚಿದರು. "ಸೈಕಲ್ ಮೇಲೆ ನಾನು ಕೂತಿರಲಿಲ್ವಾ?"

"ಕೂತಿದ್ರಿ. ಅಂಗಡೀಲಿ."

"ಮನೇಲಿ ಅದರ ಮೇಲೆ ಟವೆಲ್ ಒಣಗಿಸ್ತಿದ್ದೆ. ಅದು ಬಳಕೆ ಅಲ್ವಾ?"

"ಒಣಗಿಸ್ತಿದ್ದದ್ದು ಸೈಕಲ್ ಡಬ್ಬಿ ಮೇಲೆ. ಆಮೇಲೆ ನಿಮ್ಮ ಏಳನೇ ಪ್ರಶ್ನೇಲಿ ಉದ್ದೇಶ ಏನು ಅಂತ ಇದೆಯಲ್ಲ. ಟವೆಲ್ ಒಣಗಿಸೋ ಉದ್ದೇಶಕ್ಕೆ ಸೈಕಲ್ ತಂದೆ ಅಂತ ಬರೀತೀರಾ?"

ತಾನು ಹೆತ್ತ ಪ್ರಶ್ನೆ ತನ್ನ ಹೆಂಡತಿಗೆ ಬಾಯಿಪಾಠವಾಗಿದೆ ಎಂಬ ಸಂಗತಿ ಸಾಹೇಬರಿಗೆ ಆ ಹೊತ್ತಿನಲ್ಲಿ ಯಾವ ಹೆಮ್ಮೆಯನ್ನೂ ತರಲಿಲ್ಲ.

ವಿಚಾರಣೆ ಬಿದ್ದದ್ದು ಎದುರು ವಿಭಾಗದ ಮೇಡಂ ಮುಂದೆ. ಆಕೆ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಸಾಹೇಬರ ಕೈಕೆಳಗೆ ಕಲಿತವಳು. ಒಂದೇ ಕಡತವನ್ನು ಸಾಹೇಬರು ಹನ್ನೊಂದು ಸಲ ಷರಾ ಬರೆದು ಹಿಂದಿರುಗಿಸಿದ್ದು ಆಕೆಗೆ ಚೆನ್ನಾಗಿ ನೆನಪಿತ್ತು. ಆದರೂ ಎದ್ದು ನಿಂತು, "ಬನ್ನಿ ಸಾರ್, ಬನ್ನಿ ಅಕ್ಕ" ಎಂದು ಇಬ್ಬರಿಗೂ ಕುರ್ಚಿ ಹಾಕಿಸಿದಳು. ಆಮೇಲೆ ಕನ್ನಡಕ ಏರಿಸಿ ಏಳನೇ ಪ್ರಶ್ನೆಯನ್ನು ಮೂವತ್ತೇಳು ವಸ್ತುಗಳಿಗೂ ಒಂದೊಂದಾಗಿ ಕೇಳಲು ಕುಳಿತಳು. ಬಾಗಿಲು ತೆರೆದೇ ಇತ್ತು. ಆಚೆ ಗುಮಾಸ್ತರ ಬೆರಳುಗಳೆಲ್ಲ ಕೀಲಿಮಣೆಯ ಮೇಲೆ ಸುಮ್ಮನಾಗಿದ್ದವು.

"ವಯಲಿನ್. ಉದ್ದೇಶ?"

"ಸಂಗೀತ ಸಾಧನೆ" ಎಂದರು ಸಾಹೇಬರು ಗಂಟಲು ಸರಿಮಾಡಿಕೊಂಡು.

"ಎಷ್ಟು ಸಲ ಬಳಸಿದಿರಿ?"

"ದಿನಾ ಬೆಳಿಗ್ಗೆ ನುಡಿಸ್ತಿದ್ದೆ."

ಮೇಡಂ ಜಾಹೀರಾತನ್ನು ಮುಂದಿಟ್ಟಳು. "ಡಬ್ಬಿ ಕೂಡ ಒಡೆದಿಲ್ಲ ಅಂತ ಅಕ್ಕ ಇಲ್ಲಿ ಬರೆದಿದಾರೆ, ಸಾರ್. ನೀವು ಹೇಳೋದು ನಿಜ ಅಂದ್ರೆ ಅಕ್ಕ ಸುಳ್ಳು ಹೇಳಿ ಕೊಂಡವರಿಗೆ ಮೋಸ ಮಾಡಿದ ಹಾಗಾಯ್ತು. ಅವರ ಮೇಲೆ ಬೇರೆ ಪ್ರಕರಣ ಹಾಕ್ಬೇಕಾಗುತ್ತೆ. ಯಾವುದು ಬರ್ಕೊಳ್ಲಿ?"

ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಅವಳ ಕೈ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಹೆದರಿದ್ದನ್ನು ಸಾಹೇಬರು ಕಂಡರು. ಸಾಹೇಬರು ಒಣಜಂಭದ ಮನುಷ್ಯ, ಮಾತಿಗೆ ಮೊದಲು ಮೂಗು ಮುರಿಯುವವರು, ಎಲ್ಲ ಸರಿ. ಆದರೆ ಹೆಂಡತಿಯ ಮೇಲೆ ಮೋಸದ ಆರೋಪ ಹೊರಿಸುವಷ್ಟು ಕೆಟ್ಟವರಲ್ಲ.

"ಬರ್ಕೋಮ್ಮ" ಎಂದರು. "ಒಮ್ಮೆಯೂ ಬಳಸಿಲ್ಲ."

"ಉದ್ದೇಶ ಈಡೇರದಿರಲು ಕಾರಣ?"

"ಸೋಮಾರಿತನ."

ಹೆಂಡತಿಯ ಕಣ್ಣು ತುಂಬಿಬಂತು. ಗಂಡ ತನಗಾಗಿ ಇಷ್ಟು ದೊಡ್ಡ ಸತ್ಯ ನುಡಿದದ್ದು ಅವಳಿಗೆ ಹೊಸದು. ಕಣ್ಣೊರೆಸಿಕೊಂಡು, ಅವರ ಬೆಂಬಲಕ್ಕೆ ಕಂಕಣ ಕಟ್ಟಿ ನಿಂತಳು. ಅಲ್ಲಿಂದ ಶುರುವಾಯಿತು ಸಾಹೇಬರ ನಿಜವಾದ ಗ್ರಹಚಾರ.

"ಇವರನ್ನ ವ್ಯಾಪಾರಿ ಅಂತ ಯಾರಾದ್ರೂ ಅಂದ್ರೆ ದೇವರು ಮೆಚ್ತಾನೇನಮ್ಮಾ?" ಎಂದಳು. "ಫ್ರೆಂಚ್ ಪುಸ್ತಕ ಬಂದ ದಿನ ಅವನ್ನ ಇಡೋಕೆ ನನ್ನ ಕೈಲಿ ಕಪಾಟು ಖಾಲಿ ಮಾಡಿಸಿದ್ರು. ಓದಿದ್ದು ಡಬ್ಬಿ ಮೇಲಿನ ಹೆಸರು ಮಾತ್ರ. ಗಾಳ ತಂದ್ರು, ನೀರು ಕಂಡ್ರೆ ಹೆದರ್ತಾರೆ. ದೂರದರ್ಶಕ ತಂದು ನಕ್ಷತ್ರ ನೋಡ್ತೀನಿ ಅಂದ್ರು. ಊಟ ಮುಗಿದ ಹತ್ತೇ ನಿಮಿಷಕ್ಕೆ ಗೊರಕೆ. ವ್ಯಾಪಾರಕ್ಕೆ ಎಷ್ಟು ಶ್ರಮ ಬೇಕು! ಇವರಿಂದ ಆಗೋ ಕೆಲಸವಾ ಅದು?"

ಮೇಡಂ ಎಲ್ಲವನ್ನೂ ಅಕ್ಷರ ಬಿಡದೆ ಬರೆದುಕೊಂಡಳು. ಆಚೆ ಕೀಲಿಮಣೆಗಳು ಇನ್ನೂ ಸದ್ದು ಮಾಡಿರಲಿಲ್ಲ. ಸಾಹೇಬರು ಗೋಡೆ ಗಡಿಯಾರದ ಮುಳ್ಳನ್ನು ನೋಡುತ್ತ ಕುಳಿತರು.

ವಾರದಲ್ಲಿ ಆದೇಶ ಬಂತು. ಪ್ರಕರಣ ವಜಾ. ಸಾಹೇಬರು ಗೆದ್ದಿದ್ದರು. ಹೆಂಡತಿ ಮಗಳನ್ನು ಕೂಗಿ ಕರೆದು ಗಟ್ಟಿಯಾಗಿ ಓದಿಸಿದಳು: "ವ್ಯಾಪಾರವೆಂಬುದು ಸತತ ಪ್ರಯತ್ನವನ್ನು ಬೇಡುವ ಚಟುವಟಿಕೆ. ಸದರಿ ವ್ಯಕ್ತಿಯು ಹಲವು ಉದ್ದೇಶಗಳಿಗಾಗಿ ಮೂವತ್ತೇಳು ವಸ್ತುಗಳನ್ನು ಕೊಂಡು, ಒಂದನ್ನೂ ಆರಂಭಿಸದೆ ಕೈಬಿಟ್ಟಿರುವುದು ಅವರ ಹೇಳಿಕೆ ಹಾಗೂ ಪತ್ನಿಯ ಸಾಕ್ಷ್ಯದಿಂದ ನಿಸ್ಸಂಶಯವಾಗಿ ಸಾಬೀತಾಗಿದೆ. ಯಾವುದೇ ಕಾರ್ಯವನ್ನು ಕೈಗೊಂಡು ಮುಂದುವರಿಸುವ ಸಾಮರ್ಥ್ಯ ಇವರಲ್ಲಿ ಇಲ್ಲದಿರುವುದರಿಂದ, ಇವರನ್ನು ವ್ಯಾಪಾರಿಯೆಂದು ಪರಿಗಣಿಸಲಾಗದು."

"ನೋಡಿದ್ರಾ? ನಾನು ಹೇಳಿದ್ದನ್ನೇ ಎಷ್ಟು ಚೆಂದ ಬರೆದಿದಾರೆ!" ಎಂದಳು ಹೆಂಡತಿ.

ಸಾಹೇಬರ ಕಣ್ಣು ಕೊನೆಯ ಸಾಲಿಗೆ ಹೋಯಿತು. ಪ್ರತಿ: ಬಡ್ತಿ ಸಮಿತಿಗೆ, ಮಾಹಿತಿಗಾಗಿ.

ಸಮಿತಿ ಮರುದಿನವೇ ಪತ್ರ ಬರೆಯಿತು. ಯಾವ ಕಾರ್ಯವನ್ನೂ ಮುಂದುವರಿಸುವ ಸಾಮರ್ಥ್ಯವಿಲ್ಲದವರಿಗೆ ವಿಭಾಗ ಒಪ್ಪಿಸುವುದು ಹೇಗೆ? ಆದೇಶ ಒಪ್ಪಿಗೆಯಿಲ್ಲದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯವರೆಗೆ ಕುರ್ಚಿ ಖಾಲಿ ಇರುತ್ತದೆ.

ಸಾಹೇಬರು ಹಲ್ಲು ಕಡಿದರು. ಮೇಲ್ಮನವಿ ಹಾಕಿಯೇ ಸಿದ್ಧ, ಇವರಿಗೆಲ್ಲ ನೀರು ಕುಡಿಸದಿದ್ದರೆ ತನ್ನ ಹೆಸರು ಷರಾ ಅಲ್ಲ ಎಂದು ಶಪಥ ಮಾಡಿದರು. ಅದೇ ಸಂಜೆ ಪೇಟೆಗೆ ಹೋಗಿ ದಪ್ಪ ಕಾಗದದ ಕಟ್ಟು, ಶಾಯಿ ಪೆನ್ನು, ಮೇಲ್ಮನವಿ ಬರೆಯುವ ಕ್ರಮವನ್ನು ವಿವರಿಸುವ ಎರಡು ಸಂಪುಟಗಳ ಗ್ರಂಥ ತಂದರು. ಮರುದಿನ ತಲೆನೋವಿತ್ತು. ಭಾನುವಾರ ಕೂರುವುದೆಂದು ನಿಶ್ಚಯವಾಯಿತು. ಭಾನುವಾರ ನೆಂಟರು ಬಂದರು. ಆಮೇಲಿನ ವಾರ ಕಚೇರಿಯಲ್ಲಿ ವಿಪರೀತ ಕೆಲಸ.

ನಲವತ್ತೊಂದನೆಯ ದಿನ ಮೇಡಂ ಕಚೇರಿಯಿಂದ ಒಂದು ಚಿಕ್ಕ ಲಕೋಟೆ ಬಂತು. ಒಳಗೆ ಎರಡೇ ಸಾಲು ಇತ್ತು: "ಗಡುವಿನೊಳಗೆ ತಮ್ಮಿಂದ ಮೇಲ್ಮನವಿ ಬಂದಿರುವುದಿಲ್ಲ. ಇದನ್ನು ಆದೇಶಕ್ಕೆ ಪೂರಕ ಸಾಕ್ಷ್ಯವೆಂದು ಕಡತಕ್ಕೆ ಸೇರಿಸಲಾಗಿದೆ."