ನನ್ನ ಬೋಳುತಲಿ, ನನ್ನ ಲಗ್ನ

ಬೋಳುತಲಿಯವರ ಬಾಳೇವದಾಗ ಇಂಥಾವು ನಡೀತನ ಇರ್ತಾವ. ನಾವು ಸುಮ್ನ ಇದ್ರೂ ಮಂದಿ ಬಿಡಂಗಿಲ್ಲ, ಮಂದಿ ಬಿಟ್ರ ಕನ್ನಡಿ ಬಿಡಂಗಿಲ್ಲ. ನಾ ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಒಂದ ದಲಾಲಿ ಅಂಗಡಿಯೊಳಗ ಗುಮಾಸ್ತ. ಇಪ್ಪತ್ತಾರಕ್ಕ ಉದುರಾಕ ಹತ್ತಿದ ಕೂದಲಾ ಮೂವತ್ತಕ್ಕ ಬರೂದ್ರಾಗ ಕಿವಿ ಮ್ಯಾಲ ಒಂದೀಟು, ಹಿಂದ ಒಂದೀಟು ಅಷ್ಟ ಉಳದಿದ್ವು. ಅದಕ್ಕ ನಾ ಏನೂ ಅಂತಿದ್ದಿಲ್ಲ, ಆದ್ರ ಲಗ್ನ ಆಗಿದ್ದಿಲ್ಲ. ಅವ್ವ ದಿನಾ ಮುಂಜಾನೆ ನನ್ನ ದಿಂಬಿನ ಮ್ಯಾಲಿನ ಕೂದಲಾ ಆರಿಸಿ ತಗದು, "ಇವು ಮುಗಿಯೂದ್ರಾಗ ಒಂದ ಹುಡುಗಿ ಸಿಕ್ರ ಸಾಕಪಾ" ಅಂತಿದ್ಲು.

ಕತ್ರಿ

ನಮ್ಮ ಓಣ್ಯಾಗ ಒಂದ ಕಟಿಂಗ್ ಅಂಗಡಿ ಐತಿ. ಅಂಗಡಿಯಂವ ನನಗ ಸಣ್ಣಾಂವ ಇದ್ದಾಗಿಂದ ಗೊತ್ತು. ಒಂದ ರವಿವಾರ ಹೋಗಿ ಕುಂತೆ. ಕುತಗಿಗೆ ಬಟ್ಟಿ ಕಟ್ಟಿದ, ನೀರ ಹೊಡದ, ಕತ್ರಿ ಆಡಸಾಕ ಶುರು ಮಾಡಿದ. ಕಾಲ ತಾಸಾತು, ಕಚಕಚ ಸಪ್ಪಳ ನಿಲ್ಲವಲ್ದು. ಇಷ್ಟ ಹೊತ್ತು ಕತ್ತರಸೂ ಅಷ್ಟು ನನ್ನ ತಲ್ಯಾಗ ಕೂದಲಾ ಅದಾವಲ್ಲಾ ಅಂತ ನನಗ ಖುಷಿ ಆತು. ಕಣ್ಣ ತಗದು ಕನ್ನಡ್ಯಾಗ ನೋಡಿದ್ರ, ಕತ್ರಿ ನನ್ನ ತಲಿಯಿಂದ ಒಂದ ಗೇಣು ಮ್ಯಾಲ ಗಾಳ್ಯಾಗ ಆಡಾಕತ್ತೈತಿ.

"ಏನ್ ಮಾಡಾಕತ್ತೀಯೋ?" ಅಂದೆ.

ಅಂವ ಬಗ್ಗಿ ಸಣ್ಣ ದನಿಲೆ, "ನಿಮ್ಮದು ಮುಗದ ಭಾಳ ಹೊತ್ತಾತ್ರಿ ಅಣ್ಣಾರ. ಹೊರಗ ನಾಕ ಮಂದಿ ಕುಂತಾರ. ಎರಡ ಮಿನಿಟಿನ್ಯಾಗ ಎಬ್ಬಿಸಿ ಕಳಿಸಿದ್ರ ನಿಮಗ ಚಲೋ ಕಾಣಂಗಿಲ್ಲಂತ ಆಡಸಾಕತ್ತೇನಿ" ಅಂದ.

ಎಣ್ಣಿ

ರಾಣೇಬೆನ್ನೂರ ಸಂತ್ಯಾಗ ಒಬ್ಬ ಎಣ್ಣಿ ಮಾರಾಂವ ಸಿಕ್ಕಿದ್ದ. ಅವನ ತಲ್ಯಾಗ ಕುರಿ ಮೈಮ್ಯಾಲ ಇದ್ದಷ್ಟು ಕೂದಲಾ. ಅದನ್ನ ನೋಡೇ ನಾ ಸೀಸೆ ತಗೊಂಡೆ. "ಮಧ್ಯಾಹ್ನಕ್ಕೊಮ್ಮೆ, ಸಂಜಿಕೊಮ್ಮೆ ಬೆರಳಲೆ ಚಲೋತಂಗ ತಿಕ್ರಿ" ಅಂತ ಹೇಳಿ ಫೋನ್ ನಂಬರನೂ ಕೊಟ್ಟ.

ಮರದಿನಾ ಅಂಗಡ್ಯಾಗ ಮಾಲು ನೋಡೂ ಕೆಲಸ ಮುಗಿಸಿ, ಒಳಗ ಹೋಗಿ ಸೀಸೆ ತಗದು ತಿಕ್ಕಿಕೊಂಡೆ. ಮಾಲು ನೋಡೂದಂದ್ರ ಚೀಲಾ ಬಿಚ್ಚಿ, ಕಾಯಿ ಮುರದು, ಬೀಜಾ ಉದುರಿಸಿ ನೋಡೂದು. ಎರಡ ಮಿನಿಟಿನ್ಯಾಗ ತಲಿ ಧಗಧಗ ಉರಿಯಾಕ ಹತ್ತಿತು. ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದ್ದು, ಖಾರ ಕಡಿಮಿ ಅಂತಾರ. ತಲಿಗೆ ಹಚ್ಚಿಕೊಂಡ ನೋಡಿದಾವ್ರು ಹಂಗ ಅನ್ನಂಗಿಲ್ಲ. ಆದ್ರ ಆಗ ಅದು ನನ್ನ ತಲಿಗೆ ಹೊಳೀಲೇ ಇಲ್ಲ. ಎಣ್ಣಿಯಂವಗ ಫೋನ್ ಹಚ್ಚಿದೆ.

"ಉರೀತೈತೇನ್ರಿ? ಚಲೋ ಆತು. ಬೇರು ಎಚ್ಚರಾಗಾಕತ್ತಾವ" ಅಂದ.

ಇಪ್ಪತ್ತ ದಿನಾ ಹಲ್ಲ ಕಚ್ಚಿ ತಡಕೊಂಡೆ. ತಲಿ ಕೆಂಪಗ ಆತು. ಕಣ್ಣಾಗ ನೀರ ಸುರೀತಿದ್ವು, ಮನಸಿನ್ಯಾಗ ಮಾತ್ರ ಸಂತೋಷ. ಆಮ್ಯಾಲೆ ಪ್ಯಾಟಿಗೆ ಎರಡ ದಿನಾ ಸೂಟಿ ಬಂತು. ಮನ್ಯಾಗ ಜಳಕಾ ಮಾಡಿ ಎಣ್ಣಿ ತಿಕ್ಕಿಕೊಂಡ್ರ ಉರೀನ ಇಲ್ಲ. ಗಾಬರಿಯಾಗಿ ಅವ್ವಗ ಹೇಳಿದೆ, "ಎಣ್ಣಿ ಕೆಟ್ಟೈತವಾ, ಇವತ್ತ ಒಂಚೂರೂ ಉರಿವಲ್ದು."

ಅವ್ವ ನನ್ನ ತಲಿ ನೋಡಿದ್ಲು, ಕೈ ನೋಡಿದ್ಲು. "ಅಂಗಡ್ಯಾಗ ಎಣ್ಣಿ ಹಚ್ಚೂ ಮೊದಲು ಕೈ ತೊಳೀತಿದ್ದೇನು?" ಅಂತ ಕೇಳಿದ್ಲು.

ಫೋಟೋ

ರಾಣೇಬೆನ್ನೂರಿನಿಂದ ಒಂದ ಸಂಬಂಧ ಬಂತು. ಫೋಟೋ ಕಳಸ್ರಿ ಅಂದ್ರು. ಅವ್ವ ನನ್ನ ಕಾಲೇಜಿನ ಫೋಟೋ ಕಳಿಸಿದ್ಲು. ಅದರಾಗ ಹಣಿ ಮ್ಯಾಲ ಕೂದಲಾ ಬಿದ್ದು ಕಣ್ಣ ಮುಚ್ಚಿದ್ವು. ಅವರು ಬರ್ರಿ ಅಂದ್ರು. ನಾನು, ಅವ್ವ ಇಬ್ಬರ ಹೋದ್ವಿ. ಹುಡುಗಿ ಅಪ್ಪ ಬಾಗಲದಾಗ ನಿಂತು ಕೈ ಮುಗದು ಒಳಗ ಕರದ್ರು. ನಾವು ಕುಂತ ಮ್ಯಾಲೂ ಅವರು ಬೀದಿ ಕಡೆನ ನೋಡಾಕತ್ತಿದ್ರು. ಒಂದ ಸ್ವಲ್ಪ ಹೊತ್ತಾದ ಮ್ಯಾಲ ನನ್ನನ್ನ ಕೇಳಿದ್ರು, "ನಿಮ್ಮ ತಮ್ಮ ಹಿಂದಿನ ಬಸ್ಸಿಗೆ ಬರಾಕತ್ತಾರೇನ್ರಿ?"

ಅವ್ವ ನನ್ನ ಮಾರಿ ನೋಡಿದ್ಲು. ಒಳಗಿಂದ ಉಪ್ಪಿಟ್ಟಿನ ವಾಸನಿ ಬರಾಕತ್ತಿತ್ತು. ಖರೇ ಹೇಳೂ ಧೈರ್ಯ ನನಗ ಬರಲಿಲ್ಲ. "ಅವಗ ಇವತ್ತ ಆರಾಮಿಲ್ರಿ" ಅಂದೆ. ಉಪ್ಪಿಟ್ಟು ತಿಂದು, ಚಾ ಕುಡದು ಎದ್ವಿ.

ಬಸ್ಸಿನ್ಯಾಗ ಅವ್ವ ಸೆರಗಿನಿಂದ ಕಣ್ಣ ಒರಸಿಕೊಂಡಿದ್ದು ಕಂಡ ನನಗ ಭಾಳ ಕೆಟ್ಟ ಅನಿಸ್ತು. ಅವತ್ತು ನನ್ನ ತಲಿ ಮ್ಯಾಲ ನನಗ ಖರೇನ ಸಿಟ್ಟು ಬಂತು. ಸಂಜಿಕೆ ಆ ಮನಿಯವರ ಫೋನ್ ಬಂತು. "ತಮ್ಮಗ ಹೆಂಗೈತ್ರಿ ಈಗ?" ಅಂದ್ರು.

ಟೋಪನ್

ಇದಾದ ಮ್ಯಾಲ ಹುಬ್ಬಳ್ಳಿಗೆ ಹೋಗಿ ಒಂದ ಸುಳ್ಳ ಕೂದಲಿನ ಟೋಪನ್ ತಂದೆ. ಅದನ್ನ ಹಾಕ್ಕೊಂಡ ಕರ್ಜಗಿಗೆ ಹುಡುಗಿ ನೋಡಾಕ ಹೋದ್ವಿ. ಆಕಿ ಹಾವೇರ್ಯಾಗ ಒಂದ ವಕೀಲರ ಆಫೀಸಿನ್ಯಾಗ ಟೈಪಿಂಗ್ ಮಾಡತಿದ್ಲು. ಬಿಸಲು ಭಾಳ ಇತ್ತು, ಟೋಪನ್ ಒಳಗ ತಲಿ ಕುದಿಯಾಕತ್ತಿತ್ತು. ಊಟಕ್ಕ ಮೊದಲು ಬಚ್ಚಲಕ್ಕ ಹೋಗಿ, ಅದನ್ನ ತಗದು, ಮಾರಿ ತೊಳಕೊಂಡು, ಮತ್ತ ಹಾಕ್ಕೊಂಡ ಬಂದೆ. ಮನಿಮಂದಿ ಎಲ್ಲಾರೂ ನನ್ನ ನೋಡಿ ನಗುಮಾರಿ ಮಾಡಿದ್ರು. ಎಷ್ಟು ಚಲೋ ಮಂದಿ ಅಂದಕೊಂಡೆ. ಎರಡ ದಿನದಾಗ ಒಪ್ಪಿಗಿ ಅಂತ ಹೇಳಿ ಕಳಿಸಿದ್ರು.

ಅವ್ವ ಓಣಿಗೆಲ್ಲಾ ಸಕ್ರಿ ಹಂಚಿದ್ಲು. ಹಂಚಿ ಬಂದಾಕಿ ತಲಿ ಮ್ಯಾಲ ಕೈ ಹೊತ್ತು ಕುಂತ್ಲು. ನಮ್ಮ ಕಡೆ ಲಗ್ನದಾಗ ಸುರಗಿ ಅಂತ ಮಾಡತಾರ. ನಾಕೂ ಮೂಲಿಗೆ ತಂಬಗಿ ಇಟ್ಟು, ದಾರಾ ಸುತ್ತಿ, ನಡುವ ಮದುಮಕ್ಕಳನ್ನ ಕುಂದರಿಸಿ, ಮುತ್ತೈದೆಯರು ಅರಿಷಿಣ ಹಚ್ಚಿ, ನೆತ್ತಿಗೆ ಎಣ್ಣಿ ಒತ್ತಿ, ನೀರ ಹಾಕತಾರ. ಊರ ಮಂದಿ ಮುಂದ ಯಾರರೆ ಎಣ್ಣಿ ಕೈಲೆ ತಿಕ್ಕಿದ್ರ, ಟೋಪನ್ ಅವರ ಕೈಯಾಗ ಹೋಗತೈತಿ, ಅದರ ಹಿಂದ ಲಗ್ನನೂ ಹೋಗತೈತಿ.

"ಬೋಳುತಲಿ ಮುಚ್ಚಿದ್ದಾತವ್ವಾ, ಈಗ ಟೋಪನ್ ಹೆಂಗ ಮುಚ್ಚೂದು?" ಅಂದೆ.

ಕಬೂಲಿ

ಮೂರ ದಿನಾ ನನಗ ಅನ್ನ ಸೇರಲಿಲ್ಲ. ಲಗ್ನ ಮುರದ್ರ ಮುರೀಲಿ, ಮೊದಲ ಆಕಿಗೆ ಖರೇ ಹೇಳಬೇಕಂತ ಹಾವೇರಿಗೆ ಹೋದೆ. ಬಸ್ ಸ್ಟ್ಯಾಂಡ ಎದುರಿನ ಖಾನಾವಳ್ಯಾಗ ಇಬ್ಬರೂ ಚಾಕ್ಕ ಕುಂತ್ವಿ. ನಾ ಟೋಪನ್ ತಗದು ಟೇಬಲ್ ಮ್ಯಾಲ ಇಟ್ಟೆ.

ಆಕಿ ಅದನ್ನ ಸರಿಸಿ ಚಾ ಕಪ್ಪಿಗೆ ಜಾಗಾ ಮಾಡಿದ್ಲು. "ಗೊತ್ತಿತ್ರಿ" ಅಂದ್ಲು.

"ಯಾವಾಗಿಂದ?"

"ನೀವು ನಮ್ಮ ಮನಿಗೆ ಬಂದಾಗ ಬೈತಲಿ ಎಡಕ್ಕಿತ್ತು. ಮಾರಿ ತೊಳಕೊಂಡ ಹೊರಗ ಬಂದಾಗ ಬಲಕ್ಕಿತ್ತು. ನಮ್ಮ ಮನಿಯವರೆಲ್ಲಾ ನೋಡ್ಯಾರ."

ನನಗ ನೆಲಾ ಬಾಯಿ ತಗದ್ರ ಒಳಗ ಹೋಗಬೇಕು ಅನಿಸ್ತು. "ಮತ್ತ ಯಾಕ ಒಪ್ಪಿದ್ರಿ?" ಅಂದೆ.

"ನಾವು ಹತ್ತ ಮಂದಿ ನಗು ತಡಕೊಳ್ಳಾಕ ಒದ್ದಾಡಾಕತ್ತಿದ್ವಿ. ನೀವು ಮಾತ್ರ ಹೊಸಾ ಬೈತಲಿ ಸವರಿಕೊಂಡು, ನಮ್ಮ ಅಜ್ಜಿಗೆ ರೊಟ್ಟಿ ಮುರದು ಪಲ್ಯದಾಗ ನೆನಸಿ ಕೊಟ್ರಿ. ಈ ಮನಷ್ಯಾನ ಜೋಡಿ ಬಾಳೇವು ಮಾಡಬೌದು ಅನಿಸ್ತು."

ಇಂಥಾ ಮಾತು ನನಗ ಯಾರೂ ಅಂದಿದ್ದಿಲ್ಲ. ಸುರಗಿಗೆ ಬೋಳುತಲೀಲೆನ ಬರತೇನಿ ಅಂದೆ. "ಹಂಗ ಬರ್ರಿ" ಅಂದ್ಲು. ಬಿಲ್ ಕೊಡಾಕ ಎದ್ದಾಗ ಖಾನಾವಳಿಯಂವ ಟೇಬಲ್ ಕಡೆ ಬಟ್ಟು ಮಾಡಿ, "ಅದನ್ನ ಒಯ್ಯರಿ, ಊಟಕ್ಕ ಬರಾವ್ರು ಅಂಜತಾರ" ಅಂದ.

ಸುರಗಿ

ಆಕಿ ಲಗ್ನದ ಗಡಿಬಿಡ್ಯಾಗ, ನಾ ಬೋಳುತಲೀಲೆ ಬರೂ ಮಾತು ಮನ್ಯಾಗ ಹೇಳೂದ ಮರತಿದ್ಲು. ಅತ್ತಾಗ ಆಕಿ ಅಪ್ಪ, ನಮ್ಮ ಮಾವ, ಮುಂಜಾನೇನ ಹೆಂಗಸರನ್ನೆಲ್ಲಾ ಒಳಗ ಕರದು, "ಅಳಿಯಂದ್ರ ತಲಿ ಯಾರೂ ಮುಟ್ಟಬ್ಯಾಡ್ರಿ. ಮಂದ್ಯಾಗ ಅವರ ಮರ್ಯಾದಿ ಹೋಗಬಾರದು. ಎಣ್ಣಿ ಮೊಣಕಾಲಿಗೆ ಹಚ್ಚಿ ಬಿಡ್ರಿ" ಅಂತ ತಾಕೀತ ಮಾಡಿದ್ರಂತ. ಇದನ್ನ ಆಮ್ಯಾಲ ಕೇಳಿ ನನ್ನ ಕಣ್ಣಾಗ ನೀರ ಬಂದ್ವು. ಅವತ್ತ ನನಗ ಏನೂ ಗೊತ್ತಿದ್ದಿಲ್ಲ.

ನಾ ಬೋಳುತಲೀಲೆ ಬಂದ ಕುಂತೆ. ಹಂದರದಾಗ ಗುಜುಗುಜು ನಿಂತು ಹೋತು. ಮೊದಲನೇ ಮುತ್ತೈದೆ ಎಣ್ಣಿ ಬಟ್ಟಲಾ ತಗೊಂಡ ಬಂದ್ಲು. ನಾ ತಲಿ ಬಗ್ಗಿಸಿದೆ. ಆಕಿ ಕೈ ಹಿಂದ ತಗದು ಮೊಣಕಾಲಿಗೆ ಹಚ್ಚಿದ್ಲು. ಎರಡನೇದಾಕಿ ಬಂದ್ಲು, ನಾ ಇನ್ನೀಟು ಬಗ್ಗಿದೆ, ಆಕಿನೂ ಮೊಣಕಾಲಿಗೆ ಹಚ್ಚಿದ್ಲು. ನನ್ನ ಮೊಣಕಾಲಿನಿಂದ ಎಣ್ಣಿ ಹರದು ಕುಂತ ಮಣಿ ತೊಯ್ತು, ತಲಿ ಮಾತ್ರ ಒಣಗೇ ಇತ್ತು. ಬಾಜೂಕ ಕುಂತ ಮದುಮಗಳು ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ನಗಾಕತ್ತಿದ್ಲು.

ಅಷ್ಟರಾಗ ಅಡಗಿ ಮನಿ ಕಡೆ ಹೋಗಿದ್ದ ಮಾವ ಹೊರಗ ಬಂದು ನನ್ನ ತಲಿ ನೋಡಿದ್ರು. ಮಾರಿ ಸಣ್ಣದಾತು. ಓಡಿ ಬಂದು, ದಾರಾ ದಾಟಿ, ಹೆಗಲ ಮ್ಯಾಲಿನ ಶಲ್ಯೆ ನನ್ನ ತಲಿ ಮ್ಯಾಲ ಹೊಚ್ಚಿದ್ರು. ಮುನ್ನೂರು ಮಂದಿ ನಮ್ಮನ್ನ ನೋಡಾಕತ್ತಿದ್ರು. ಮಾವ ಕಿವ್ಯಾಗ ಅಂದ್ರು:

"ಗಡಿಬಿಡ್ಯಾಗ ಮರತ ಬಂದೀರಿ ಕಾಣತೈತ್ರಿ ಅಳಿಯಂದ್ರ. ಎಲ್ಲಿಟ್ಟೀರಿ ಹೇಳ್ರಿ, ಯಾರೂ ನೋಡೂದ್ರೊಳಗ ತಂದ ಕೊಡತೇನಿ."