ನಾಲ್ಕು ಶಾಲೆಗೆ ಒಂದು ಚಿಟ್ಟೆ

ತಪಾಸಣೆಗೆ ಹೋಗುವವನಿಗೆ ಶಾಲೆ ಇದ್ದ ಹಾಗೆ ಎಂದೂ ಕಾಣುವುದಿಲ್ಲ; ಅವನು ಬರುತ್ತಾನೆಂದು ಗೊತ್ತಾದ ಮೇಲೆ ಹೇಗಿರುತ್ತದೋ ಹಾಗೆ ಕಾಣುತ್ತದೆ. ಸರ್ಕಾರಿ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದು ಕೊಟ್ಟದ್ದು ಅವರಿಗೆ ತಲುಪಿದೆಯೇ ಎಂದು ನೋಡಿ ಫಾರಂ ತುಂಬುವುದು ನನ್ನ ಕೆಲಸ. ಯಾವ ದಿನ ಯಾವ ಶಾಲೆ ಎಂದು ಒಂದು ವಾರ ಮೊದಲೇ ಪತ್ರ ಹೋಗುತ್ತದೆ. ಮಿಕ್ಕಿದ್ದೆಲ್ಲ ಆ ಪತ್ರದ ಪ್ರತಾಪ. ಹೋದ ವರ್ಷ ಒಂದೇ ವಾರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ವಾರ ಒಬ್ಬ ಹುಡುಗಿಗೆ ಮಾತ್ರ ನಗು ಬರಲಿಲ್ಲ. ಅವಳ ವಿಷಯ ಕೊನೆಗೆ.

ರಂಗೋಲಿ

ಸೋಮವಾರ ಬನಶಂಕರಿಯ ಶಾಲೆ. ವೀಲ್‌ಚೇರ್ ಹತ್ತಲೆಂದು ಕಟ್ಟಿದ ಇಳಿಜಾರಿನ ತುಂಬ ಬಣ್ಣದ ರಂಗೋಲಿ, ನಡುವೆ ‘ಸುಸ್ವಾಗತ’. ಹತ್ತಿ ನೋಡೋಣವೆಂದು ಕಾಲೆತ್ತಿದೆ. ಹೆಡ್ ಮಿಸ್ ಅಡ್ಡ ಬಂದರು.

“ಸಾರ್, ಈ ಕಡೆ ಬನ್ನಿ, ಮೆಟ್ಟಿಲ ಮೇಲೆ. ಮಕ್ಕಳು ಬೆಳಗ್ಗೆ ಆರೂವರೆಗೇ ಬಂದು ಹಾಕಿದಾರೆ.”

“ನಡೆಯೋಕಾಗದ ಹುಡುಗ ಒಬ್ಬ ಇದಾನಲ್ಲ, ಅವನು ಹೇಗೆ ಒಳಗೆ ಹೋದ?”

“ಆಯಾ ಎತ್ಕೊಂಡು ಹೋದ್ರು ಸಾರ್. ರಂಗೋಲಿ ಹಾಳಾಗುತ್ತಲ್ಲ.”

ಒಳಗೆ ವೀಲ್‌ಚೇರ್ ಇತ್ತು. ಕೈಯಿಡುವ ಜಾಗದಲ್ಲಿ ಹಳದಿ ಚಿಟ್ಟೆಯ ಸ್ಟಿಕ್ಕರ್, ಚಕ್ರದ ಕಡ್ಡಿಗಳಿಗೆ ಹೆಣೆದ ಕೆಂಪು ಉಲ್ಲನ್. ‘ವೀಲ್‌ಚೇರ್ ಒಂದು, ಸ್ಥಿತಿ ಉತ್ತಮ’ ಎಂದು ಬರೆದುಕೊಂಡೆ. ‘ಇಳಿಜಾರು ಇದೆಯೇ?’ ಎಂಬ ಪ್ರಶ್ನೆಗೆ ‘ಇದೆ’ ಎಂದೆ. ಹತ್ತಬಹುದೇ ಎಂದು ಫಾರಂ ಕೇಳಿರಲಿಲ್ಲ.

ಚೆಂಡುಗಳು

ಮಂಗಳವಾರ ಜೆ.ಪಿ. ನಗರ. ಈ ಮಕ್ಕಳಿಗೆಂದೇ ಇರುವ ಕೊಠಡಿಗೆ ಬೀಗ. ಬೀಗದ ಕೈ ಹೆಡ್ ಮಾಸ್ತರ ಜೇಬಿನಲ್ಲಿ. ನಿವೃತ್ತಿಗೆ ಒಂದು ವರ್ಷವಿದ್ದ, ಬಹಳ ಜಾಗ್ರತೆಯ ಮನುಷ್ಯ. ತೆಗೆದು ತೋರಿಸಿದರು. ವ್ಯಾಯಾಮದ ದೊಡ್ಡ ಚೆಂಡುಗಳು, ಮಣಿ ಪೋಣಿಸುವ ಹಲಗೆಗಳು, ಎಲ್ಲವೂ ಬಂದ ಪ್ಲಾಸ್ಟಿಕ್ ಕವರಿನಲ್ಲೇ.

“ನಾಲ್ಕು ವರ್ಷ ಆಯ್ತು ಸಾರ್. ಒಂದಕ್ಕೂ ಒಂದು ಗೀರು ಬಿದ್ದಿಲ್ಲ.”

“ಮಕ್ಕಳು ಮುಟ್ಟಿದಾರಾ?”

ಅವರಿಗೆ ನಿಜಕ್ಕೂ ನೋವಾಯಿತು. “ಏನ್ಸಾರ್ ಹೀಗಂತೀರಾ. ಒಂದ್ಸಲ ಕೂಡ ಮುಟ್ಟೋಕೆ ಬಿಟ್ಟಿಲ್ಲ.”

ಮಕ್ಕಳ ಫೈಲು ನೋಡಿದೆ. ಪ್ರತಿ ಮಗುವಿಗೂ ಅದರದೇ ಕಲಿಕೆಯ ಯೋಜನೆ ಇರಬೇಕು, ಇತ್ತು ಕೂಡ. ಕಿವಿ ಕೇಳದ ಮಗು, ಕಣ್ಣು ಮಂಜಾದ ಮಗು, ಮಾತು ತಡವಾದ ಮಗು, ಎಲ್ಲರ ಷರಾ ಕಾಲಂನಲ್ಲೂ ಒಂದೇ ವಾಕ್ಯ: ‘ಪ್ರಗತಿ ಇದೆ. ಇನ್ನೂ ಗಮನ ಕೊಡಬೇಕು.’ ಆ ವಾರದ ನಾಲ್ಕೂ ಶಾಲೆಗಳಲ್ಲಿ ಅದೇ ವಾಕ್ಯ ಎಂದು ಆಮೇಲೆ ತಿಳಿಯಿತು. ನಮ್ಮ ಕಚೇರಿಯ ತರಬೇತಿಯಲ್ಲಿ ಉದಾಹರಣೆಗೆಂದು ಬೋರ್ಡಿನ ಮೇಲೆ ಅದನ್ನು ಬರೆದವನು ನಾನೇ.

ಮೂಲೆಯಲ್ಲಿ ಒಂದು ವೀಲ್‌ಚೇರ್. ಅದರ ಮೇಲೂ ಹಳದಿ ಚಿಟ್ಟೆ. ಸ್ಟಿಕ್ಕರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದುಕೊಂಡೆ.

ಮೂರನೇ ಕಾಫಿ

ಬುಧವಾರ ಬಿಟಿಎಂ ಲೇಔಟ್. ನಾನು ಹೋದ ತಕ್ಷಣ ಇಲ್ಲಿಯ ಹೆಡ್ ಮಿಸ್ ಕಾಫಿ ಕೊಟ್ಟರು. ಅರ್ಧ ಗಂಟೆಗೆ ಇನ್ನೊಂದು ಕೊಟ್ಟರು. ವೀಲ್‌ಚೇರ್ ಎಂದಾಗಲೆಲ್ಲ, “ಅದನ್ನ ಕೊನೇಲಿ ನೋಡೋಣ ಸಾರ್” ಎಂದು ಬಾಗಿಲಾಚೆ ಹೋಗಿ ಫೋನಿನಲ್ಲಿ ಮೆಲ್ಲಗೆ, “ಯಾವ ಸಿಗ್ನಲ್‌ನಲ್ಲಿದೀರಾ?” ಎನ್ನುತ್ತಿದ್ದರು.

ಮೂರನೇ ಕಾಫಿ ಬರುವಾಗ ಗೇಟಿಗೆ ಆಟೊ ಬಂತು. ಎರಡು ಕಡೆಯೂ ಚಕ್ರ ಹೊರಗೆ ಚಾಚಿತ್ತು. ಹಿಂದಿನ ಸೀಟಿನಲ್ಲಿ ವೀಲ್‌ಚೇರನ್ನು ತಬ್ಬಿಕೊಂಡು ಕೂತಿದ್ದವರು ಜೆ.ಪಿ. ನಗರದ ಹೆಡ್ ಮಾಸ್ತರು. ಒಂದು ಕೈ ಚಿಟ್ಟೆಯ ಮೇಲೆ.

“ಸಾರ್,” ಎಂದರು ನನ್ನನ್ನು ಕಂಡು, “ನೀವಿನ್ನೂ ಇಲ್ಲೇ ಇದೀರಾ?”

ಆಮೇಲೆ ಎಲ್ಲ ಹೊರಬಂತು. ಮೂರು ಶಾಲೆಯ ವೀಲ್‌ಚೇರ್‌ಗಳೂ ಬಳಸದೇ ಟಯರ್ ಸತ್ತು ಕೂತಿದ್ದವು. ಓಡುವ ಸ್ಥಿತಿಯಲ್ಲಿ ಇದ್ದದ್ದು ಚಿಕ್ಕಲಸಂದ್ರದ ಶಾಲೆಯದು ಒಂದೇ.

“ಅದು ಹೇಗೆ ಚೆನ್ನಾಗಿದೆ?”

“ಅಲ್ಲಿ ಐದನೇ ಕ್ಲಾಸಿನ ಹುಡುಗಿ ಒಬ್ಬಳು ದಿನಾ ಓಡಿಸ್ತಾಳೆ ಸಾರ್” ಎಂದರು ಹೆಡ್ ಮಿಸ್.

“ಮೂರು ದಿನದಿಂದ ಅವಳು ಏನು ಮಾಡ್ತಿದಾಳೆ?”

ಹೆಡ್ ಮಿಸ್ ಮೂರನೇ ಕಾಫಿಯನ್ನು ನನ್ನ ಕಡೆ ಸರಿಸಿದರು. ಹೆಡ್ ಮಾಸ್ತರು, “ಸೋಮವಾರ ಒಂದೇ ದಿನಕ್ಕೆ ಅಂತ ಕೇಳಿ ತಂದಿದ್ದು. ನೀವು ಪತ್ರದಲ್ಲಿ ಸಾಲಾಗಿ ಮೂರು ಶಾಲೆ ಹಾಕ್ಬಿಟ್ರಲ್ಲ ಸಾರ್” ಎಂದರು.

ಷರಾ

ಚಿಕ್ಕಲಸಂದ್ರಕ್ಕೆ ನಾನು ಹೋಗಬೇಕಾಗಿದ್ದದ್ದು ಗುರುವಾರ. ಆದರೆ ಅದೇ ಆಟೊದಲ್ಲಿ ವೀಲ್‌ಚೇರನ್ನು ತಬ್ಬಿಕೊಂಡು ಅಂದೇ ಮಧ್ಯಾಹ್ನ ಹೋದೆ. ಹುಡುಗಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಮೈದಾನ ನೋಡುತ್ತಿದ್ದಳು. ಖೋ ಖೋ ಆಟಕ್ಕೆ ಅವಳೇ ಅಂಪೈರ್ ಅಂತೆ. ವೀಲ್‌ಚೇರಿನಲ್ಲಿ ಗೆರೆ ಪಕ್ಕವೇ ಓಡಾಡಿ ಔಟ್ ಕೊಡುತ್ತಿದ್ದಳಂತೆ. ಮೊದಲು ಚಿಟ್ಟೆ ಇದೆಯೇ ಎಂದು ನೋಡಿದಳು, ಆಮೇಲೆ ನನ್ನನ್ನು.

“ತಪಾಸಣೆ ಸಾರ್ ನೀವೇನಾ?”

“ಹೌದಮ್ಮ.”

“ಮೂರು ದಿನದಿಂದ ಬಿ ಸೆಕ್ಷನ್‌ನವರು ಮೋಸ ಮಾಡಿ ಗೆಲ್ತಿದಾರೆ. ಕೇಳೋರಿಲ್ಲ.” ಚಿಟ್ಟೆಯ ಮೇಲಿನ ಧೂಳು ಒರೆಸುತ್ತ, “ನೀವು ವರ್ಷಕ್ಕೆ ಎಷ್ಟು ಸಲ ಬರ್ತೀರಾ?”

“ಎರಡು ಸಲ.”

“ಬರದೇ ಇದ್ರೆ ಏನಾದ್ರೂ ತೊಂದರೆ ಆಗುತ್ತಾ?”

ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ನಾನು ಕೇಳಿಕೊಳ್ಳದೇ ಉಳಿಸಿದ್ದ ಪ್ರಶ್ನೆ ಅದು. ‘ನಾಲ್ಕು ಶಾಲೆ, ವೀಲ್‌ಚೇರ್ ಒಂದು’ ಎಂದು ವರದಿ ಬರೆದೆ. ಮೂರು ಶಾಲೆಗೂ ನೋಟಿಸ್ ಹೋಯಿತು, ಟಯರ್ ಬಂತು. ನನಗೂ ಒಂದು ನೋಟಿಸ್ ಬಂತು: ನಿಗದಿಯಾದ ದಿನಕ್ಕಿಂತ ಒಂದು ದಿನ ಮೊದಲೇ ಶಾಲೆಗೆ ಹೋದದ್ದೇಕೆ, ವಿವರಣೆ ಕೊಡಿ.

ಆರು ತಿಂಗಳ ನಂತರ ಮತ್ತೆ ಚಿಕ್ಕಲಸಂದ್ರಕ್ಕೆ ಹೋದೆ. ಅವಳು ಗೇಟಿನ ಹತ್ತಿರವೇ ವೀಲ್‌ಚೇರಿನಲ್ಲಿ ಕಾಯುತ್ತಿದ್ದಳು. ಚಕ್ರಕ್ಕೆ ಸೈಕಲ್ ಬೀಗ ಸುತ್ತಿತ್ತು, ಬೀಗದ ಕೈ ಕೊರಳಲ್ಲಿ. ತೊಡೆಯ ಮೇಲೆ ನೋಟ್‌ಬುಕ್ಕು. ನಮ್ಮ ಫಾರಂನಂತೆಯೇ ಸ್ಕೇಲಿಟ್ಟು ಎಳೆದ ಕಾಲಂಗಳು: ತಗೊಂಡವರು, ತಂದುಕೊಟ್ಟವರು, ಎಷ್ಟು ತಡ, ಷರಾ.

“ನಿಮ್ದು ಒಂದು ಸಹಿ ಬಾಕಿ ಇದೆ ಸಾರ್.”

ಮೊದಲ ಸಾಲು ಓದಿದೆ. ತಂದುಕೊಟ್ಟವರು: ತಪಾಸಣೆ ಸಾರ್. ಎಷ್ಟು ತಡ: ಮೂರು ದಿನ. ಷರಾ: ಪ್ರಗತಿ ಇದೆ. ಇನ್ನೂ ಗಮನ ಕೊಡಬೇಕು.

ಸಹಿ ಹಾಕಿದೆ.