ಹಗೇವಿನ ಬಾಯಿಗೆ ರೇಡಿಯೋ ಇಟ್ಟವನು

ನಮ್ಮ ಗೌರವ್ವ ಇವತ್ತು ಮುಂಜಾನೆ ಕರೆದರೆ ತಿರುಗಿ ನೋಡಿದಳು! ಒಮ್ಮೆ ಅಲ್ಲ, ಮತ್ತೆ ಮತ್ತೆ ನೋಡಿದಳು. ಮೊಮ್ಮಗಳು ತಿರುಗಿ ನೋಡಿದ್ದನ್ನೂ ಬರೆದು ತಿಳಿಸಬೇಕೇ, ಎಲ್ಲರ ಮನೆಯ ಕೂಸುಗಳೂ ನೋಡುವುದಿಲ್ಲವೇ ಎಂದು ನೀವು ನಗಬಹುದು. ನಗಿರಿ. ನಾನೂ ಮುಂಜಾನೆಯಿಂದ ನಗುತ್ತಲೇ ಇದ್ದೇನೆ. ನಡುನಡುವೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಒಲೆಯ ಹೊಗೆಗೆ ಎಂದು ಮನೆಯವರಿಗೆ ಹೇಳಿದ್ದೇನೆ. ಎರಡನೇ ಇಯತ್ತೆಗೇ ಸಾಲಿ ಬಿಟ್ಟ ನಾನು ಪೆನ್ನು ಹಿಡಿದು ಕುಳಿತಿದ್ದೇನೆ ಎಂದರೆ ಸಂತೋಷ ಎಷ್ಟಿರಬೇಕು, ನೀವೇ ಅಳೆಯಿರಿ.

ಈ ಸಂತೋಷ ತಂದವನು ಡಾಕ್ಟರಲ್ಲ, ದೇವರೂ ಅಲ್ಲ. (ದೇವರು ಸಿಟ್ಟಾಗದಿರಲಿ, ಸೋಮವಾರ ಕಾಯಿ ಒಡೆಸುತ್ತೇನೆ.) ತಂದವನು ನನ್ನ ತಮ್ಮ. ನಮ್ಮ ಕಲ್ಲೋಳಿಯ ಜನ ಬೇರೆ ಯಾವ ಮಾತಿಗೂ ಒಂದಾಗುವವರಲ್ಲ. ನನ್ನ ತಮ್ಮನಿಗೆ ತಲೆ ನೆಟ್ಟಗಿಲ್ಲ ಎಂಬ ಒಂದೇ ಮಾತಿಗೆ ಊರಿಗೆ ಊರೇ ಒಂದು!

ಅವನ ಹುಚ್ಚು ಧ್ವನಿಯದು. ಹಾಡಿನದಲ್ಲ, ತಿಳಿಯಿತೇ? ಹಾಡು ಯಾವುದಾದರೂ ಆಗಬಹುದು, ಧ್ವನಿ ಮಾತ್ರ ಸರಿಯಾಗಿ ಬರಬೇಕು. ಮಸಗುಪ್ಪಿಯಲ್ಲಿ ಅವನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಳು, ಕೂಸೂ ಅವಳ ಹಿಂದೆಯೇ ಹೋಯಿತು. ಅದೆಲ್ಲ ಮುಗಿಸಿ ನಮ್ಮ ಮನೆಗೆ ಇರಲು ಬಂದವನ ಒಂದು ಬಗಲಲ್ಲಿ ಬಟ್ಟೆಯ ಗಂಟು, ಇನ್ನೊಂದು ಬಗಲಲ್ಲಿ ಸಂಕೇಶ್ವರದ ಸಂತೆಯ ಗುಜರಿಯಲ್ಲಿ ಸಿಕ್ಕ ಗ್ರಾಮಾಫೋನು. ಅತ್ತರೆ ಸಮಾಧಾನ ಮಾಡೋಣವೆಂದು ನಾನು ಸೆರಗು ಹಿಡಿದು ನಿಂತಿದ್ದೆ. ಅವನು ಪಡಸಾಲೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ.

“ಅಕ್ಕಾ, ನಿಮ್ಮ ಪಡಸಾಲಿಯೊಳಗ ದನಿ ಭಾಳ ಒದರತೈತಿ” ಎಂದ!

ಮರುದಿನ ಮನೆಯ ಕೌದಿಗಳೆಲ್ಲ ಗೋಡೆ ಏರಿದವು. ಗೋಡೆಗೆ ಬಡಿದ ಧ್ವನಿ ವಾಪಸ್ಸು ಬರಬಾರದಂತೆ. ಅದೋ ಸಂಕ್ರಮಣದ ಚಳಿ. ನಮ್ಮ ಯಜಮಾನರು ಮೊಣಕಾಲು ಹೊಟ್ಟೆಗೆ ಹಚ್ಚಿಕೊಂಡು ಕೇಳಿದರು: “ಅಲ್ಲೋ ಮಾರಾಯಾ, ಗೋಡಿಗೆ ಥಂಡಿ ಆತು ಅಂತ ಹೊಚ್ಚೀ, ನನಗೇನ ಹೊಚ್ಚತೀ?”

“ಗೋಡಿ ಬಾಜೂ ಸರದ ಮಲಕೋರಿ ಮಾಂವಾರ. ಬೆಚ್ಚಗ ಐತಿ.”

ರೊಕ್ಕವಿದ್ದವರು ಒಳ್ಳೆಯ ಧ್ವನಿ ಬೇಕೆಂದರೆ ಒಳ್ಳೆಯ ಯಂತ್ರ ಕೊಳ್ಳುತ್ತಾರೆ. ಇವನ ಹತ್ತಿರ ರೊಕ್ಕವೆಲ್ಲಿ? ಗ್ರಾಮಾಫೋನಿನ ಸೂಜಿ ತೀರಿದರೆ ಜಾಲಿಮುಳ್ಳನ್ನು ಕೆತ್ತಿ ಹಾಕುತ್ತಿದ್ದ. ಮುಳ್ಳಿನ ಧ್ವನಿ ಉಕ್ಕಿನ ಸೂಜಿಗಿಂತ ಮೆತ್ತಗಂತೆ. ಕೆತ್ತುವಾಗ ಬಿದ್ದ ಮುಳ್ಳುಗಳು ಯಾರ ಕಾಲಲ್ಲಿ ಮೆತ್ತಗೆ ಇಳಿದವು ಎಂದು ಕೇಳಬೇಡಿ. ಆಮೇಲೆ ಬ್ಯಾಟರಿಯ ಹಳೇ ರೇಡಿಯೋ ಒಂದು ಬಂತು. ಅದರ ಧ್ವನಿ ಹೊರಡುವ ಕಾಗದ ಹರಿದಿತ್ತು. ಜೋಳದ ಹಿಟ್ಟಿನ ಅಂಟಿನಿಂದ ನನ್ನ ಹಳೇ ಸೀರೆಯ ತುಂಡು ಹಚ್ಚಿದ. ಧ್ವನಿ ದುಂಡಗಾಗಲಿ ಎಂದು ನೀರಿನ ಹರವಿಯ ತಳ ಒಡೆದು ಅದರ ಮುಂದಿಟ್ಟ. “ಖರ್ಚಿಲ್ಲದ ಸಂಗೀತ ನೋಡ್ರಿ” ಎಂದು ಓಣಿಯವರು ಹೊಗಳುತ್ತಿದ್ದರು. ಅವನಿಗೆ ಖರ್ಚಿರಲಿಲ್ಲ, ನನಗೆ ಹರವಿ ಇರಲಿಲ್ಲ!

ನಮ್ಮ ಅತ್ತೆಯವರು ತೀರಿಕೊಂಡ ದಿನ ಏನು ಮಾಡಿದ ಗೊತ್ತೇ? ಅವರನ್ನು ಕಂಬಕ್ಕೆ ಒರಗಿಸಿ ಕೂರಿಸಿ, ನಾವು ಹೆಂಗಸರು ಸುತ್ತ ಕುಳಿತು, ನಮ್ಮ ಕಡೆಯ ರೂಢಿಯಂತೆ ಅವರ ಗುಣ ಹಾಡಿಕೊಂಡು ಅಳುತ್ತಿದ್ದೆವು. ಇವನು ಬಾಗಿಲಲ್ಲಿ ನಿಂತು ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಕೇಳಿದ. ಮೆಲ್ಲಗೆ ನನ್ನ ಹತ್ತಿರ ಬಂದು ಬಗ್ಗಿದ.

“ಅಕ್ಕಾ, ನೀ ಆ ಮೂಲಿಗೆ ಹೋಗಿ ಅಳು. ಇಲ್ಲಿ ನಿನ್ನ ದನಿ ಎಲ್ಲಾ ಕೌದಿ ಕುಡ್ಯಾಕತ್ತೈತಿ.”

“ಸುಡುಗಾಡ ಸೇರಲಿ ನಿನ್ನ ಕೌದಿ! ಹೆಣದ ಮುಂದ ಏನ ಮಾತೋ ಇದು?”

“ಸಿಟ್ಟಾಗಬ್ಯಾಡ. ಅಳೂದಂತೂ ಅಳತೀ, ಛಲೋತ್ನಾಗಿ ಕೇಳಸಲಿ.”

ಜಗಳ ಬೇಡವೆಂದು ಮೂಲೆಗೆ ಸರಿದೆ. ನನ್ನ ಅಳು ಓಣಿಯ ತುದಿಗೂ ಕೇಳಿಸಿತಂತೆ. “ಅತ್ತಿ ಮ್ಯಾಲ ಎಷ್ಟ ಜೀವಾ ಇತ್ತವ್ವಾ ಈಕಿದು” ಎಂದು ಊರಲ್ಲಿ ನನಗೆ ಹೆಸರೇ ಬಂತು.

ಇಂಥವನ ಕಣ್ಣು ಕೊನೆಗೆ ಹಗೇವಿನ ಮೇಲೆ ಬಿತ್ತು. ಹಗೇವು ಎಂದರೆ ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ ಕಣಜ. ಬಾಯಿ ಕಿರಿದು, ನೆಲದೊಳಗೆ ಹೊಟ್ಟೆ ದೊಡ್ಡದು. ಕಾಲುವೆಯ ನೀರು ಬಂದ ಮೇಲೆ ಅದಕ್ಕೆ ಪಸೆ ಹಿಡಿದು, ಕಾಳು ತುಂಬುವುದನ್ನು ಬಿಟ್ಟು ಕಲ್ಲು ಮುಚ್ಚಿದ್ದೆವು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದ ಮನುಷ್ಯ ಅಲ್ಲೇ ಮಲಗಿಬಿಡುತ್ತಾನೆ. ಅದಕ್ಕೇ ಹಿರಿಯರು ಮೊದಲು ಕಂದೀಲು ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು. ಇವನು ಕಂದೀಲು ಮೇಲಿಟ್ಟು ತಾನು ಇಳಿದ! ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ, ಅದೊಂದೇ ನಮ್ಮ ಪುಣ್ಯ. ಒಳಗಿನಿಂದ ಒಮ್ಮೆ ಕೂಗಿದ. ಮತ್ತೆ ಸದ್ದಿಲ್ಲ.

ನನ್ನ ಮಗ, ನಮ್ಮ ಯಜಮಾನರು ಸೇರಿ ಎಳೆದು ಹಾಕಿದಾಗ ತುಟಿ ನೀಲಿ, ಕಣ್ಣು ಮೇಲೆ. ನಾನು ಮುಖಕ್ಕೆ ನೀರು ಎರಚಿದೆ, ಕೆನ್ನೆಗೆ ಬಡಿದೆ, ಕುಲದೇವರನ್ನು ಬೈದೆ. ಬಹಳ ಹೊತ್ತಿಗೆ ಉಸಿರು ಎಳೆದ, ಕಣ್ಣು ಬಿಟ್ಟ, ಬಾಯಿ ತೆರೆದ. ನೀರು ಕೇಳುತ್ತಾನೆ ಎಂದು ತಂಬಿಗೆ ಹಿಡಿದೆ.

“ನಾ ಕೂಗಿದ್ದ ಕೇಳಿದಿರೇನ?” ಎಂದ. “ಒಳಗ ದನಿ ಎಷ್ಟ ದುಂಡಗ ಐತಿ ಅಕ್ಕಾ!”

ಇಂಥವನನ್ನು ಬಡಿಯಬೇಕೋ ಅಪ್ಪಿಕೊಳ್ಳಬೇಕೋ, ಹೇಳಿ! ನಾನು ಎರಡನ್ನೂ ಮಾಡಿದೆ.

ಹಗೇವಿನ ಬಾಯಿ ತೆರೆದಿಟ್ಟು ಗಾಳಿ ಆಡಿಸಿ, ಅದರ ಮೇಲೆ ಒಂದು ಹಲಗೆ ಮುಚ್ಚಿ, ಹಲಗೆಗೆ ತೂತು ಕೊರೆದು, ರೇಡಿಯೋದ ಧ್ವನಿ ಹೊರಡುವ ಭಾಗವನ್ನು ಅಲ್ಲಿ ಕೂರಿಸಿದ. ಸುಳ್ಳು ಯಾಕೆ ಹೇಳಲಿ, ಧಾರವಾಡದಲ್ಲಿ ಯಾರೋ ಡಗ್ಗಾ ಬಾರಿಸಿದರೆ ನಮ್ಮ ಅಂಗಳದಲ್ಲೇ ಕುಳಿತು ಬಾರಿಸಿದಂತೆ ಕೇಳಿಸಿತು. ಮೂಡಲಗಿಯಿಂದಲೂ ಜನ ಕೇಳಲು ಬಂದರು. ನಾನು ಚಹಾ ಕುದಿಸಿ ಕುದಿಸಿ ಸಾಕಾದೆ.

ಅಷ್ಟರಲ್ಲಿ ಗೌರವ್ವನಿಗೆ ಜ್ವರ ಬಂತು.

ಗೌರವ್ವ ನನ್ನ ಮಗನ ಕೂಸು, ಆಗ ಮಾತು ಕಲಿಯುವ ವಯಸ್ಸು. ಆ ಜ್ವರ ಓಣಿಯ ಕೆಲವು ತೊಟ್ಟಿಲುಗಳನ್ನು ಬರಿದು ಮಾಡಿ ಹೋಯಿತು. ನಮ್ಮ ತೊಟ್ಟಿಲನ್ನು ಬರಿದು ಮಾಡಲಿಲ್ಲ, ಕಿವಿಯನ್ನು ಒಯ್ದಿತು. ಬೆನ್ನ ಹಿಂದೆ ತಾಟು ಬಿದ್ದರೂ ಕೂಸು ಬೆಚ್ಚಲಿಲ್ಲ. ಅವಳ ಬಾಯಲ್ಲಿದ್ದ ನಾಲ್ಕು ಮಾತುಗಳೂ ಎಲೆ ಉದುರಿದಂತೆ ಉದುರಿದವು. ಮೊದಲು ನಾಯಿಗೆ ಅನ್ನುತ್ತಿದ್ದ ‘ಬೌಬೌ’ ಹೋಯಿತು, ಆಮೇಲೆ ‘ಹಾಲು’, ಆಮೇಲೆ ‘ಅಜ್ಜಿ’. ‘ಅವ್ವಾ’ ಅನ್ನುವುದು ಇನ್ನಷ್ಟು ದಿನ ಉಳಿದು, ಅದೂ ಹೋಯಿತು.

ಮೀರಜಿನ ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. “ಒಳಗಿನ ನರಕ್ಕ ಪೆಟ್ಟ ಬಿದ್ದೈತಿ. ಪೂರಾ ಹೋಗೈತೋ, ಏನಾರ ಉಳದೈತೋ, ನೀವ ಮನ್ಯಾಗ ನೋಡಬೇಕು. ಕೂಸಿನ ಕೂಡ ಮಾತಾಡೂದು ಬಿಡಬ್ಯಾಡ್ರಿ” ಎಂದರು. ನನ್ನ ಸೊಸೆ ಬಿಡಲಿಲ್ಲ. ಕರೆದಳು, ಹಾಡಿದಳು, ಗಿಳಿಯ ಹಾಗೆ ಚೀರಿದಳು. ಕೂಸು ಅವಳ ಕಡೆ ಬೆನ್ನು ಮಾಡಿ ಮಣ್ಣಲ್ಲಿ ಆಡುತ್ತಿತ್ತು. ಬರಬರುತ್ತ ಸೊಸೆಯೇ ಮಾತು ಬಿಟ್ಟಳು. ನೆರೆಯ ಮುದುಕಿ ಬಂದು “ಹೆಣ್ಣ ಕೂಸು, ಮೂಕಿ ಆದರ ಹ್ಯಾಂಗವ್ವಾ?” ಎಂದಳು. ಮನೆಯಲ್ಲಿ ಒಬ್ಬಳು ಮೂಕಿ ಆಗಲೇ ಇದ್ದಳು, ಕೂಸಿನ ತಾಯಿ.

ತಮ್ಮ ಒಂದು ದಿನ ಗೌರವ್ವನನ್ನು ಎತ್ತಿ ಹಗೇವಿನ ಹಲಗೆಯ ಮೇಲೆ ಕೂರಿಸಿ ರೇಡಿಯೋ ಹಚ್ಚಿದ. ಕೂಸು ನಕ್ಕಿತು! ಕೇಕೆ ಹಾಕಿತು! ನಾನು ಸಕ್ಕರೆ ಹಂಚಲು ಡಬ್ಬಿಗೆ ಕೈ ಹಾಕಿದೆ, ಸೊಸೆ ಓಡಿ ಬಂದಳು. ತಮ್ಮ ಮಾತ್ರ ಹಲಗೆಯ ಮೇಲೆ ಅಂಗೈ ಇಟ್ಟು ಕುಳಿತಿದ್ದ. ರೇಡಿಯೋ ಆರಿಸಿದ.

“ಇಲ್ಲ ಅಕ್ಕಾ. ಹಲಗಿ ನಡಗತೈತಿ. ಕುಂಡಿಗೆ ಕಚಗುಳಿ ಆಗಿ ನಗತೈತಿ ಕೂಸು, ಕಿವಿಗಲ್ಲ.”

ಸೊಸೆ ಎಷ್ಟೋ ದಿನದ ಮೇಲೆ ಬಾಯಿ ತೆರೆದಳು. “ಮಾಮಾರ, ಒಂದ ದಿನದ ಮಟ್ಟಿಗೆ ಸುಳ್ಳ ಹೇಳಬಾರದಾಗಿತ್ತೇನ್ರಿ?”

ತಮ್ಮ ಕೂಸನ್ನು ಎತ್ತಿ ಅವಳ ಮಡಿಲಿಗೆ ಕೊಟ್ಟು ಹಗ್ಗ ಹುಡುಕಲು ಹೋದ.

ನೆಲದ ನಡುಕ ತಾಗಬಾರದೆಂದು ಅವನು ಅಂಗಳದ ಬೇವಿನ ಮರಕ್ಕೆ ತೊಟ್ಟಿಲು ಕಟ್ಟಿದ. ಕೂಸನ್ನು ಅದರಲ್ಲಿ ಹಗೇವಿಗೆ ಬೆನ್ನು ಮಾಡಿ ಕೂರಿಸಿ, ದಿನಾ ಮುಂಜಾನೆ ಏನಾದರೊಂದು ಕೇಳಿಸುತ್ತಿದ್ದ. ಕೊಳಲು, ಸನಾದಿ, ಹೆಣ್ಣುಮಕ್ಕಳ ಹಾಡು, ನನ್ನ ಜಾಗಟೆ. ಜಾಗಟೆಗೆ ಎಮ್ಮೆ ಹಗ್ಗ ಹರಿದುಕೊಂಡು ಓಡಿತು, ಗೌರವ್ವ ಕಿವಿ ಅಲುಗಿಸಲಿಲ್ಲ. ಅವನ ಗಡ್ಡ ಬೆಳೆಯಿತು, ಊಟ ಕಡಿಮೆಯಾಯಿತು. ರೇಡಿಯೋದ ಬ್ಯಾಟರಿಯೂ ಸಣ್ಣಗಾಗುತ್ತ ಬಂತು. ಹೊಸದು ತರಲು ಕೈಯಲ್ಲಿ ಏನಿದೆ?

ಇವತ್ತು ಮುಂಜಾನೆ ಬ್ಯಾಟರಿ ಪೂರಾ ಸತ್ತಿತು. ತಮ್ಮ ಸಿಟ್ಟು ಬಂದು ಹಲಗೆಯನ್ನು ಕಿತ್ತು ಬಾಜೂ ಒಗೆದ. ಹಗೇವಿನ ಅಂಚಿಗೆ ಬೋರಲು ಮಲಗಿ, ಬಾಯಿಯನ್ನು ಅದರ ಬಾಯಿಗೆ ಇಟ್ಟು, ಹೊಟ್ಟೆಯೊಳಗಿಂದ ಕರೆದ: “ಗೌರೂ...”

ಅಬ್ಬಾ, ಅದೇನು ಧ್ವನಿ! ನೆಲವೇ ಮಾತಾಡಿದ ಹಾಗೆ. ಬೇವಿನ ಮೇಲಿನ ಕಾಗೆಗಳು ಎದ್ದವು. ತೊಟ್ಟಿಲಲ್ಲಿ ಗೌರವ್ವ ಹೊರಳಿ, ಹಿಂದೆ ನೋಡಿದಳು.

ಅಂಗಳ ಸಾರಿಸುತ್ತಿದ್ದ ಸೊಸೆಯ ಕೈಯಿಂದ ಸಗಣಿಯ ಬುಟ್ಟಿ ಬಿತ್ತು. ನಾನು ಅಳಲು ಬಾಯಿ ತೆರೆದೆ.

“ಯಾರೂ ಅಳಬ್ಯಾಡ್ರಿ!” ತಮ್ಮ ಚೀರಿದ. “ಅಳೂದರ ಸಪ್ಪಳ ನಡುವ ಬರತೈತಿ!”

ಅತ್ತೆಯವರ ಸಾವಿಗೆ ಜಾಗ ಬದಲಿಸಿ ಅಳಿಸಿದವನು ಇವತ್ತು ಅಳುವುದನ್ನೇ ನಿಲ್ಲಿಸಿದ. ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಿಂತೆವು. ಕೂಸಿನ ಮುಖ ತಿರುಗಿಸಿ ಮತ್ತೆ ಕರೆದ, ನೋಡಿದಳು. ಹಗೇವು ಬಿಟ್ಟು ಎದ್ದು, ಅವಳ ಬೆನ್ನ ಹಿಂದೆ ನಿಂತು ಅದೇ ದಪ್ಪ ಧ್ವನಿಯಲ್ಲಿ ಕರೆದ, ನೋಡಿದಳು! ನಾನು ನನ್ನ ಧ್ವನಿಯಲ್ಲಿ ಕರೆದೆ, ನೋಡಲಿಲ್ಲ.

“ತೆಳ್ಳಂದು ಹೋಗೈತಿ ಅಕ್ಕಾ, ದಪ್ಪಂದು ಉಳದೈತಿ” ಎಂದು ನೆಲಕ್ಕೆ ಕುಳಿತ. “ಉಳದೈತಿ... ನಾವು ಇಷ್ಟ ದಿನ ಗಿಳಿ ಆಗಿದ್ವಿ, ಎಮ್ಮಿ ಆಗಬೇಕಾಗಿತ್ತು.”

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. ನಡುವೆ ಗೌರವ್ವ. ಹೋಳಿಗೆ ಮಾಡಿದ್ದೆ. ತಮ್ಮ ಮೊದಲೇ ಅಪ್ಪಣೆ ಕೊಡಿಸಿದ್ದ: ತೆಳ್ಳಗೆ ಮಾತಾಡಿದವರಿಗೆ ಹೋಳಿಗೆ ಇಲ್ಲ! ನಮ್ಮ ಯಜಮಾನರು “ತುಪ್ಪಾ...” ಎಂದರೆ ಗುಡುಗು. ನನ್ನ ಮಗ “ಉಪ್ಪಿನಕಾಯಿ...” ಎಂದರೆ ಇನ್ನೊಂದು ಗುಡುಗು. ನಾನು ಗಂಟಲು ಒತ್ತಿ ಮಾತಾಡಲು ಹೋಗಿ ಕೆಮ್ಮಿದೆ. ಕೂಸು ಅವರ ಮುಖ, ಇವರ ಮುಖ ನೋಡುತ್ತ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ನಗುತ್ತಿತ್ತು.

ಸೊಸೆ ತುಪ್ಪದ ಗಿಂಡಿ ಹಿಡಿದು ಬಂದಳು. ನಾಚಿಕೊಂಡು, ತಡೆದು, ಕೊನೆಗೆ ಎದೆಯ ಆಳದಿಂದ ಧ್ವನಿ ತೆಗೆದಳು: “ಗೌರವ್ವಾ, ಇನ್ನಷ್ಟ ಬೇಕೇನ?”

ಕೂಸು ತಾಯಿಯ ಕಡೆ ತಿರುಗಿತು. ನಾವೆಲ್ಲ ಹೋ ಎಂದು ನಕ್ಕೆವು. ತಮ್ಮ ನಗಲಿಲ್ಲ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿದಿತ್ತು.

“ಅಕ್ಕಾ” ಎಂದ ಮೆಲ್ಲಗೆ, “ಅಕಿ ದನಿ ಹಿಂಗ ಇತ್ತ ನೋಡು.”

ಅವನ ಹೆಂಡತಿಯದು ದಪ್ಪ ಧ್ವನಿ. ಮದುವೆಯಲ್ಲಿ ಅವಳು ಗಂಡನ ಹೆಸರು ಹೇಳಿದಾಗ, ಗಂಡಸು ಮಾತಾಡಿದ ಹಾಗಿದೆ ಎಂದು ಹೆಂಗಸರು ಮುಸಿಮುಸಿ ನಕ್ಕಿದ್ದರು. ಇಷ್ಟು ವರ್ಷ ಯಾವ ಪೆಟ್ಟಿಗೆಯ ಧ್ವನಿಯೂ ಇವನಿಗೆ ಯಾಕೆ ಸರಿಬರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಸೊಸೆ ಅವನ ತಾಟಿನ ಮುಂದೆ ಕುಳಿತಳು. ಹೋಳಿಗೆಯ ಮೇಲೆ ತುಪ್ಪ ಹಾಕಿ, ಅದೇ ಧ್ವನಿಯಲ್ಲಿ ಹೇಳಿದಳು:

“ಉಣ್ಣರಿ ಮಾಮಾರ. ಆರತೈತಿ.”

ಅವನು ಉಂಡ.